ಶಾಲು ಸಾಕು, ಶುಲ್ಕ ಬೇಕು

ಮುಂಬಯಿಯ ಕನ್ನಡ ಸಂಘಗಳಲ್ಲಿ ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಸಮಾರಂಭವೊಂದಿದೆ. ‘ಪ್ರತಿಭಾ ಪುರಸ್ಕಾರ’ ಎಂದು ಅದರ ಹೆಸರು. ಹತ್ತನೆಯ, ಹನ್ನೆರಡನೆಯ ಇಯತ್ತೆಗಳಲ್ಲಿ ಶೇಕಡಾ 90ಕ್ಕೆ ಮೀರಿ ಅಂಕ ಪಡೆದ ಮಕ್ಕಳನ್ನು ವೇದಿಕೆಗೆ ಕರೆಯುತ್ತಾರೆ, ಶಾಲು ಹೊದಿಸುತ್ತಾರೆ, ಸ್ಮರಣಿಕೆ ಕೊಡುತ್ತಾರೆ, ಲಕೋಟೆಯಲ್ಲಿ ಐನೂರೋ ಸಾವಿರವೋ ರೂಪಾಯಿ ಇಟ್ಟು, ಮುಖ್ಯ ಅತಿಥಿಗಳ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆಸುತ್ತಾರೆ. ಮರುವಾರ ಆ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ವಿದ್ಯಾಭ್ಯಾಸಕ್ಕೆ ಸಂಘದ ಸೇವೆ ಅಲ್ಲಿಗೆ ಮುಗಿಯಿತು.

ಈ ಸಮಾರಂಭದ ಮೇಲೆ ನಮಗೆ ಹಗೆಯಿಲ್ಲ. ಜಾಣ ಮಕ್ಕಳ ಬೆನ್ನು ತಟ್ಟುವುದು ತಪ್ಪೆಂದು ಯಾರೂ ಹೇಳರು. ಆದರೆ ಇದನ್ನೇ ‘ಬಡ ವಿದ್ಯಾರ್ಥಿಗಳಿಗೆ ನೆರವು’ ಎಂದು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಿಸುವುದಿದೆಯಲ್ಲ, ಅದನ್ನು ನಾವು ಒಪ್ಪಲಾರೆವು. ನೆರವೆಂದರೆ ಅದು ಬೇಕಾದವನಿಗೆ ಮುಟ್ಟಬೇಕು, ಬೇಕಾದ ಹೊತ್ತಿಗೆ ಮುಟ್ಟಬೇಕು, ಬೇಕಾದ ರೂಪದಲ್ಲಿ ಮುಟ್ಟಬೇಕು. ಈ ಮೂರರಲ್ಲಿ ಒಂದೂ ಇಲ್ಲಿಲ್ಲ.

ಮೊದಲು ಹೊತ್ತಿನ ಮಾತು. ಪರೀಕ್ಷೆಯ ಫಲಿತಾಂಶ ಬರುವುದು ಮೇ-ಜೂನ್ ತಿಂಗಳಲ್ಲಿ. ಹನ್ನೊಂದನೆಯ ಇಯತ್ತೆಗೆ ಕಾಲೇಜು ಯಾವುದೆಂದು ಪಟ್ಟಿಯಲ್ಲಿ ಹೆಸರು ಬಂದ ಕೆಲವೇ ದಿನಗಳೊಳಗೆ ಶುಲ್ಕ ಕಟ್ಟಿ ಪ್ರವೇಶ ಖಚಿತ ಮಾಡಿಕೊಳ್ಳಬೇಕು. ತಪ್ಪಿದರೆ ಆ ಜಾಗ ಇನ್ನೊಬ್ಬನ ಪಾಲು. ತಂದೆ ಹೋಟೆಲಿನಲ್ಲಿ ಮುಂಗಡ ಕೇಳುವುದು, ತಾಯಿ ಕೊರಳಿನದನ್ನು ಬಿಚ್ಚಿಕೊಡುವುದು ಆ ದಿನಗಳಲ್ಲೇ. ನಮ್ಮ ಸಂಘದ ಲಕೋಟೆ ಬರುವುದು ಡಿಸೆಂಬರಿನಲ್ಲೋ ಜನವರಿಯಲ್ಲೋ, ಸಭಾಗೃಹ ಸಿಕ್ಕಿ, ಅತಿಥಿಗಳಿಗೆ ಪುರುಸೊತ್ತಾದ ಮೇಲೆ. ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ಇದಕ್ಕೇ ಹುಟ್ಟಿದಂತಿದೆ.

ಇನ್ನು ಯಾರಿಗೆ ಎಂಬ ಪ್ರಶ್ನೆ. ಶೇಕಡಾ 90 ತೆಗೆದ ಹುಡುಗ ಹೇಗಾದರೂ ಕಾಲೇಜು ಸೇರುತ್ತಾನೆ. ನಮ್ಮೆದುರಿಗೆ ಇರುವ ಪ್ರಶ್ನೆ ಶೇಕಡಾ 55 ತೆಗೆದವನದು. ಹತ್ತಡಿ ಖೋಲಿಯಲ್ಲಿ ಆರು ಜನ. ತಂದೆ ನಡುರಾತ್ರಿ ಹೋಟೆಲು ತೊಳೆದು ಬರುವವನು. ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದಲ್ಲಿ ಪುಸ್ತಕ ಚಾಚುವುದೆಲ್ಲಿ? ಅಂಥ ಮನೆಯಲ್ಲಿ ಕೂತು ಪಡೆದ 55 ಅಂಕ ಕಡಮೆಯ ಸಾಧನೆಯಲ್ಲ. ಆದರೆ ಆ ಹುಡುಗನಿಗೆ ಶಾಲೂ ಇಲ್ಲ, ಲಕೋಟೆಯೂ ಇಲ್ಲ. ಅವನು ನೆಟ್ಟಗೆ ಗಲ್ಲೆಯ ಪಕ್ಕಕ್ಕೋ, ಮನೆಮನೆಗೆ ತಿಂಡಿ ಮುಟ್ಟಿಸುವ ಸ್ಕೂಟರಿನ ಮೇಲಕ್ಕೋ ಹೋಗುತ್ತಾನೆ. ಹುಡುಗಿಯಾದರೆ ‘ಇಷ್ಟು ಓದಿದ್ದು ಸಾಕು’ ಎಂಬ ಮಾತು ಮನೆಯಲ್ಲಿ ಸಿದ್ಧವಾಗಿಯೇ ಇರುತ್ತದೆ.

ಇಲ್ಲಿ ಕೆಲವು ಧನಿಗಳು ಅಡ್ಡ ಮಾತು ಹಾಕುತ್ತಾರೆ: “ನಾನು ನಾಲ್ಕನೆಯ ಇಯತ್ತೆ ಓದಿ ಊರು ಬಿಟ್ಟವ. ಲೋಟ ತೊಳೆದೆ, ಇಂದು ಎರಡು ಹೋಟೆಲಿನ ಧನಿಯಾದೆ. ಕಾಲೇಜು ಏಕೆ ಬೇಕು?” ಒಳ್ಳೆಯದು ಮಹಾಶಯರೇ. ನಿಮ್ಮ ಜೊತೆ ಅದೇ ಬಸ್ಸಿನಲ್ಲಿ ಬಂದು, ಅದೇ ಮೋರಿಯಲ್ಲಿ ಲೋಟ ತೊಳೆದ ಉಳಿದವರು ಏನಾದರು? ಒಬ್ಬ ಧನಿಯಾದರೆ ಅವನ ಹಿಂದೆ ಎಷ್ಟು ಮಂದಿ ಮಾಣಿಗಳಾಗಿಯೇ ಮುದುಕರಾದರು? ಅಷ್ಟು ಮಾತ್ರವಲ್ಲ, ನಿಮ್ಮ ಸ್ವಂತ ಮಗನನ್ನು ನಾಲ್ಕನೆಯ ಇಯತ್ತೆಗೆ ಬಿಡಿಸಿ ಲೋಟ ತೊಳೆಯಲು ಹಾಕಿದಿರೇನು? ನಿಮ್ಮ ಮಗನಿಗೆ ಬೇಕಾದ ಕಾಲೇಜು ನಿಮ್ಮ ಅಡುಗೆಯವನ ಮಗನಿಗೆ ಬೇಡವಾದುದು ಹೇಗೆ?

ಗಿರಣಿಯ ಮನೆಗಳವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಕಾಲದಲ್ಲಿ ಅಪ್ಪ ಸಾಂಚೆಯ ಮೇಲಿದ್ದರೆ ಮಗ ಬದಲಿ ಕಾರ್ಡು ಹಿಡಿದು ಗೇಟಿಗೆ ಹೋಗುತ್ತಿದ್ದ. ಇಂದಲ್ಲ ನಾಳೆ ಕಾಯಂ ಆಗುತ್ತಿದ್ದ. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಒಂದೊಂದಾಗಿ ಗಿರಣಿಗಳು ಮುಚ್ಚಿದವು. ಫೀನಿಕ್ಸ್ ಮಿಲ್ಲಿನಲ್ಲಿ ಇಂದು ಅಂಗಡಿಗಳ ಸಾಲು. ಕಮಲಾ ಮಿಲ್ಲಿನ ಅಂಗಳದಲ್ಲಿ ಕಚೇರಿಗಳು. ಅಜ್ಜ ಪಾಳಿಗೆ ಹೋಗುತ್ತಿದ್ದ ಗೇಟು ಅಲ್ಲೇ ಇದೆ. ಮೊಮ್ಮಗ ಆ ಗೇಟಿನಲ್ಲಿ ಪಹರೆಗೆ ನಿಲ್ಲಬೇಕೇ, ಒಳಗೆ ಕುರ್ಚಿಯಲ್ಲಿ ಕೂಡಬೇಕೇ ಎಂಬುದನ್ನು ಇಂದು ನಿರ್ಧರಿಸುವುದು ಬದಲಿ ಕಾರ್ಡಲ್ಲ, ಪದವಿಯ ಕಾಗದ. “ಓದಿದವರಿಗೂ ಕೆಲಸವಿಲ್ಲ” ಎನ್ನುವವರಿಗೆ ನಮ್ಮ ಉತ್ತರ ಇಷ್ಟೆ: ಓದಿದವನಿಗೆ ಕೆಲಸ ಸಿಗುವುದು ಕಷ್ಟ, ಓದದವನಿಗೆ ಬಾಗಿಲಲ್ಲಿ ನಿಲ್ಲುವ ಕೆಲಸವೇ ಗತಿ.

ಹಾಗಾದರೆ ಹಣವೆಲ್ಲಿದೆ? ಬಂಧುಗಳೇ, ಹಣವಿದೆ. ನಮ್ಮ ಮಕ್ಕಳ ಹೆಸರಿನಲ್ಲಿ ಸರಕಾರ ತೆಗೆದಿರಿಸಿದ ಹಣವೇ ಇದೆ. ಕಾಗದವಿಲ್ಲದೆ ಅದು ಕೈಗೆ ಸಿಗುವುದಿಲ್ಲ, ಅಷ್ಟೆ. ಎಂಟನೆಯ ಇಯತ್ತೆಯಲ್ಲಿ ಎನ್‌ಎಂಎಂಎಸ್ ಎಂಬ ಪರೀಕ್ಷೆಯೊಂದಿದೆ. ಸರಕಾರಿ, ನಗರಪಾಲಿಕೆ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ, ಮನೆಯ ಉತ್ಪನ್ನ ವರ್ಷಕ್ಕೆ ಮೂರೂವರೆ ಲಕ್ಷಕ್ಕೆ ಮೀರದಿದ್ದರೆ, ಅದರಲ್ಲಿ ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ಇಯತ್ತೆಯವರೆಗೆ ವರ್ಷಕ್ಕೆ 12,000 ರೂಪಾಯಿ. ನಾಲ್ಕು ವರ್ಷಕ್ಕೆ 48,000. ಹನ್ನೆರಡರಲ್ಲಿ ತನ್ನ ಬೋರ್ಡಿನ ಮೇಲಿನ ಐದನೆಯ ಒಂದು ಪಾಲಿನಲ್ಲಿ ಬಂದವನಿಗೆ, ಉತ್ಪನ್ನ ನಾಲ್ಕೂವರೆ ಲಕ್ಷದೊಳಗಿದ್ದರೆ, ಪದವಿಗೆ ವರ್ಷಕ್ಕೆ 12,000 ರೂಪಾಯಿಯ ಕೇಂದ್ರ ವಿದ್ಯಾರ್ಥಿವೇತನವಿದೆ. ಮಹಾರಾಷ್ಟ್ರ ಸರಕಾರ 2024-25ರಿಂದ ಎಂಟು ಲಕ್ಷದೊಳಗಿನ ಉತ್ಪನ್ನದ, ಹಿಂದುಳಿದ ಹಾಗೂ ಆರ್ಥಿಕವಾಗಿ ದುರ್ಬಲ ವರ್ಗಗಳ ಹುಡುಗಿಯರಿಗೆ ವೃತ್ತಿಶಿಕ್ಷಣದ ಬೋಧನಾ ಶುಲ್ಕವನ್ನೂ ಪರೀಕ್ಷಾ ಶುಲ್ಕವನ್ನೂ ಪೂರ್ತಿ ಮಾಫಿ ಮಾಡಿದೆ. ಶಿಕ್ಷಣ ಸಾಲಕ್ಕೆ ನಾಲ್ಕು ಲಕ್ಷದವರೆಗೆ ಅಡವು ಬೇಕಿಲ್ಲವೆಂದು ಬ್ಯಾಂಕುಗಳ ಸಂಘದ ಮಾದರಿ ಯೋಜನೆಯೇ ಹೇಳುತ್ತದೆ. ನಮ್ಮವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಯಾವ ಪುರಸ್ಕಾರದ ವೇದಿಕೆಯಿಂದ ಯಾರು ಇದನ್ನು ಹೇಳಿದ್ದಾರೆ?

ಈಗ ಕಾಗದದ ಕಥೆ. ಉತ್ಪನ್ನದ ದಾಖಲೆ ಬೇಕೆಂದು ತಹಶೀಲ್ದಾರರ ಕಚೇರಿಗೆ ಹೋದರೆ ಪಗಾರದ ಪುರಾವೆ ಕೇಳುತ್ತಾರೆ. ಕೈಯಲ್ಲಿ ನೋಟು ಎಣಿಸಿ ಪಗಾರ ಕೊಡುವ ಹೋಟೆಲಿನ ಕೆಲಸಗಾರ ಯಾವ ಪುರಾವೆ ತಂದಾನು? ಪಗಾರ ಚೀಟಿ ಕೊಡುವುದು ಧನಿಗಳ ದಾನವಲ್ಲ. 2019ರ ವೇತನ ಸಂಹಿತೆ ವಿಧಿಸಿದ ಕರ್ತವ್ಯ. ಆ ಒಂದು ಚೀಟಿ ಕೊಡದ ಧನಿ, ಜನವರಿಯಲ್ಲಿ ವೇದಿಕೆಯೇರಿ ಅದೇ ಕೆಲಸಗಾರನ ಮಗನಿಗೆ ಶಾಲು ಹೊದಿಸಿದರೆ ಅದನ್ನು ಏನೆಂದು ಕರೆಯೋಣ?

ಜಾತಿಯ ದಾಖಲೆಯ ಪಾಡು ಇದಕ್ಕಿಂತಲೂ ಬಿಗಿ. ಮಹಾರಾಷ್ಟ್ರದಲ್ಲಿ ಪರಿಶಿಷ್ಟ ಜಾತಿಯವರು ತಮ್ಮ ಕುಟುಂಬ 1950ರ ಆಗಸ್ಟ್ 10ಕ್ಕೆ ಮೊದಲು ಇಲ್ಲಿ ನೆಲೆಸಿತ್ತೆಂದು ತೋರಿಸಬೇಕು; ಇತರ ಹಿಂದುಳಿದ ವರ್ಗದವರು 1967ರ ಅಕ್ಟೋಬರ್ 13ಕ್ಕೆ ಮೊದಲು. ಆಮೇಲೆ ಬಂದವರ ಮಕ್ಕಳು ಇಲ್ಲೇ ಹುಟ್ಟಿ ಬೆಳೆದರೂ ಈ ರಾಜ್ಯದ ಸವಲತ್ತಿಗೆ ಹೊರಗಿನವರೇ. ಆಂಧ್ರದಿಂದ ಬಂದ ಕುಟುಂಬದ ವಿದ್ಯಾರ್ಥಿಯೊಬ್ಬ ಮುಂಬಯಿಯ ವೈದ್ಯಕೀಯ ಕಾಲೇಜಿನಲ್ಲಿ ಮೀಸಲು ಜಾಗ ಕೇಳಿದಾಗ, ಮೂಲ ರಾಜ್ಯದ ಪಂಗಡದ ಗುರುತು ಇಲ್ಲಿ ಸಲ್ಲದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1990ರಲ್ಲಿ ತೀರ್ಪಿತ್ತಿತು. ಈ ನಿಯಮದ ನ್ಯಾಯಾನ್ಯಾಯವನ್ನು ಇನ್ನೊಮ್ಮೆ ಚರ್ಚಿಸೋಣ. ಇಂದು ಹೇಳಬೇಕಾದುದು ಬೇರೆ: ನಮ್ಮಲ್ಲಿ ಎಷ್ಟೋ ಮನೆಗಳವರು ಆ ತಾರೀಖುಗಳಿಗೆ ಮೊದಲೇ ಬಂದವರು. ಹಗಲು ಹೋಟೆಲಿನಲ್ಲಿ ದುಡಿದು ಇರುಳು ಕನ್ನಡ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಅಜ್ಜಂದಿರವರು. ಅಜ್ಜನ ಟ್ರಂಕಿನಲ್ಲಿ ಬಿದ್ದಿರುವ ಶಾಲೆ ಬಿಟ್ಟ ದಾಖಲೆ, ಗಿರಣಿಯ ಸರ್ವಿಸ್ ಕಾರ್ಡು, ಹಳೆಯ ರೇಶನ್ ಕಾರ್ಡು, ಇವೇ ಇಂದು ಮೊಮ್ಮಗಳ ಶುಲ್ಕ ಉಳಿಸಬಲ್ಲ ಪುರಾವೆಗಳು. ಖೋಲಿ ಬದಲಿಸುವಾಗ ಅವನ್ನು ರದ್ದಿಗೆ ಹಾಕುತ್ತಿದ್ದೇವೆ. ಇನ್ನು ತಡವಾಗಿ ಬಂದವರ ಮಕ್ಕಳಿಗೆ ಊರಿನ ದಾಖಲೆಗಳೇ ಗತಿ. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು-ಗಡಿನಾಡು ಕನ್ನಡಿಗರಿಗೆಂದೇ ಅರ್ಹತೆಯ ನಿಯಮಗಳಿವೆ. ಅವನ್ನು ಓದಿ ಹೇಳುವವರು ಬೇಕು. ಈ ಕಾಗದಗಳು ಜೂನ್ ತಿಂಗಳಲ್ಲಿ ಎಂಟು ದಿನದಲ್ಲಿ ಆಗುವಂಥವಲ್ಲ. ಎಂಟನೆಯ ಇಯತ್ತೆಯಿಂದಲೇ ಕೂಡಿಹಾಕುತ್ತ ಬರಬೇಕಾದವು.

ಓದಿಗೆ ಆಸರೆ ಕೊಡುವುದು ನಮಗೆ ಹೊಸದಲ್ಲ. ಊರಿನಲ್ಲಿ ವಾರಾನ್ನವೆಂಬ ಪದ್ಧತಿಯಿತ್ತು. ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ ಉಂಡು ಶಾಲೆ ಮುಗಿಸುತ್ತಿದ್ದ. ಆ ಪದ್ಧತಿಯಲ್ಲಿ ಜಾತಿಯ ಗೆರೆಯಿತ್ತು ನಿಜ, ಅದನ್ನು ಅಳಿಸೋಣ. ಆದರೆ ಹುಡುಗನಿಗೆ ಬೇಕಾದದ್ದು ಅನ್ನವೆಂದು ತಿಳಿದು, ಹಸಿದ ಹೊತ್ತಿಗೆ ಎಲೆ ಹಾಕುತ್ತಿದ್ದರಲ್ಲ, ಆ ವಿವೇಕವನ್ನು ಇಟ್ಟುಕೊಳ್ಳೋಣ. ಉಡುಪಿಯ ಬ್ಯಾಂಕೊಂದು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ಬಡವನ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆ ಕೂಡಿಸಿತು. ಡಾ. ಅಂಬೇಡ್ಕರರು 1946ರಲ್ಲಿ ಇದೇ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ, ದುಡಿಯುವ ಹುಡುಗರಿಗೆ ಅನುಕೂಲವಾಗಲೆಂದು ಬೆಳಗಿನ ಹೊತ್ತು ತರಗತಿ ನಡೆಸಿದರು. ಮೂರರಲ್ಲೂ ಕಾಣುವ ಗುಣ ಒಂದೇ: ಬಡವನ ಹೊತ್ತಿಗೆ ವ್ಯವಸ್ಥೆ ಬಗ್ಗಿತು. ನಮ್ಮ ಸಂಘಗಳಲ್ಲಾದರೋ ಅತಿಥಿಗಳ ಹೊತ್ತಿಗೆ ಬಡವ ಬಗ್ಗುತ್ತಿದ್ದಾನೆ.

ಆದುದರಿಂದ ಬರುವ ಮಹಾಸಭೆಯ ಮುಂದೆ ಈ ಬೇಡಿಕೆಗಳನ್ನು ಇಡುತ್ತೇವೆ:

1. ಸದಸ್ಯರ ಮಕ್ಕಳಲ್ಲಿ ಎಂಟನೆಯ ಇಯತ್ತೆಗೆ ಬಂದ ಪ್ರತಿಯೊಬ್ಬರ ಹೆಸರನ್ನು ಸಂಘದ ವಹಿಯಲ್ಲಿ ಬರೆಯಬೇಕು. ಅರ್ಹರಾದವರೆಲ್ಲ ಎನ್‌ಎಂಎಂಎಸ್ ಪರೀಕ್ಷೆಗೆ ಕೂಡುವಂತೆ ನೋಡಿಕೊಳ್ಳಬೇಕು.

2. ಸಂಘದ ಕಚೇರಿಯಲ್ಲಿ ವಾರಕ್ಕೆರಡು ದಿನ ಕಾಗದದ ಮೇಜು ಇರಬೇಕು. ಅದರ ಹೊತ್ತು ಸಂಜೆ ಏಳಲ್ಲ; ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಎರಡು ತಾಸು. ಹೋಟೆಲು ಕಾರ್ಮಿಕನಿಗೆ ಬಿಡುವು ಆಗಲೇ.

3. ಹತ್ತನೆಯ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್-ಮೇ ತಿಂಗಳಲ್ಲಿ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಇಂಗ್ಲಿಷು ಹಾಗೂ ಗಣಿತದ ವರ್ಗ ನಡೆಯಬೇಕು. ಹನ್ನೊಂದರಲ್ಲಿ ಎಲ್ಲವೂ ಒಮ್ಮೆಲೇ ಇಂಗ್ಲಿಷಿಗೆ ತಿರುಗಿದಾಗ ಮುಗ್ಗರಿಸುವವರು ಇವರೇ. ನಿವೃತ್ತ ಕನ್ನಡ ಶಿಕ್ಷಕರು ನಗರದಲ್ಲಿದ್ದಾರೆ, ಕರೆದರೆ ಬರುತ್ತಾರೆ.

4. ಜೂನ್ ನಿಧಿಯೊಂದನ್ನು ಸ್ಥಾಪಿಸಬೇಕು. ಪ್ರವೇಶದ ಚೀಟಿ ತೋರಿಸಿದ ಎರಡು ದಿನದೊಳಗೆ ಶುಲ್ಕ ನೇರವಾಗಿ ಕಾಲೇಜಿಗೆ ಹೋಗಬೇಕು. ಪಾಸಾಗಿದ್ದರೆ ಸಾಕು, ಅಂಕದ ಮಿತಿ ಬೇಡ, ಜಾತಿಯ ಮಿತಿಯಂತೂ ಬೇಡವೇ ಬೇಡ. ಜಾತಿವಾರು ಸಂಘಗಳು ತಮ್ಮ ತಮ್ಮ ಮಕ್ಕಳನ್ನು ನೋಡಿಕೊಳ್ಳುತ್ತವೆ. ಯಾವ ಸಂಘವೂ ಇಲ್ಲದವನಿಗೆ ಕಾರ್ಮಿಕ ಸಂಘವೇ ಮನೆ. ಕೆಲಸ ಸಿಕ್ಕ ಮೇಲೆ ಬಡ್ಡಿಯಿಲ್ಲದೆ ಕಂತಿನಲ್ಲಿ ಹಿಂದಿರುಗಿಸಲಿ, ಮುಂದಿನವನಿಗೆ ಆದೀತು.

5. ಧನಿಗಳಿಂದ ನಾವು ಕೇಳುವುದು ದೇಣಿಗೆಯಲ್ಲ. ತಿಂಗಳಿಗೊಂದು ಪಗಾರ ಚೀಟಿ. ದುಡಿಯುತ್ತ ಓದುವ ಹುಡುಗನಿಗೆ ಪರೀಕ್ಷೆಯ ರಜೆ. ಪ್ರತಿ ಹೋಟೆಲಿನಲ್ಲಿ ಇಬ್ಬರು ವಿದ್ಯಾರ್ಥಿಗಳಿಗೆ ಊಟ. ವಾರಾನ್ನ ಮತ್ತೆ ಶುರುವಾಗಲಿ, ಗೆರೆಗಳಿಲ್ಲದೆ.

ಇದಕ್ಕೆಲ್ಲ ಎಷ್ಟು ಬೇಕು? ಲೆಕ್ಕ ಹಾಕಿರಿ. 500 ಸದಸ್ಯರು ತಿಂಗಳಿಗೆ 50 ರೂಪಾಯಿ ವರ್ಗಣಿ ಕೊಟ್ಟರೆ ತಿಂಗಳಿಗೆ 25,000, ವರ್ಷಕ್ಕೆ ಮೂರು ಲಕ್ಷ. ತಲೆಗೆ ಹತ್ತು ಸಾವಿರದಂತೆ 30 ಮಕ್ಕಳ ಜೂನ್ ಸುಗಮವಾಗುತ್ತದೆ. ಮನೆಯಲ್ಲಿ ತಂದೆತಾಯಿಗಳು ಎಂಟನೆಯ ಇಯತ್ತೆಯಿಂದ ದಿನಕ್ಕೆ 20 ರೂಪಾಯಿ ತೆಗೆದಿಟ್ಟರೆ ಹನ್ನೆರಡು ಮುಗಿಯುವಷ್ಟರಲ್ಲಿ, ಬಡ್ಡಿ ಬಿಟ್ಟು, 36,500 ರೂಪಾಯಿ ಆಗುತ್ತದೆ. ಅನುದಾನಿತ ಕಾಲೇಜಿನ ಕಲೆ-ವಾಣಿಜ್ಯದ ಪದವಿಗೆ ಅದು ದೊಡ್ಡ ಆಸರೆ. ಅದರ ಮೇಲೆ ಸರಕಾರದ ಹಣ ಕಾಗದದ ಬಲದಿಂದ ಬಂದರೆ ಸಾಲಕ್ಕೆ ಕೈಯೊಡ್ಡುವ ಪ್ರಸಂಗವೇ ಎಷ್ಟೋ ಮನೆಗಳಿಗೆ ಬಾರದು.

ಸಭಾಗೃಹದ ಬಾಡಿಗೆ, ಹಾರ, ಶಾಲು, ಸ್ಮರಣಿಕೆ, ಧ್ವನಿವರ್ಧಕ, ಅತಿಥಿಗಳ ವಾಹನದ ಖರ್ಚು ಎಷ್ಟಾಯಿತು, ಮಕ್ಕಳ ಕೈಗೆ ಹೋದುದು ಎಷ್ಟು ಎಂದು ಪ್ರತಿಯೊಬ್ಬ ಸದಸ್ಯನೂ ಮಹಾಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಅದು ಉದ್ಧಟತನವಲ್ಲ, ವರ್ಗಣಿ ಕೊಟ್ಟವನ ಹಕ್ಕು. ಕಾರ್ಯಕಾರಿ ಸಮಿತಿಯವರು ನಮ್ಮವರೇ. ಕೇಳಿದರೆ ಕೊಡಲಾರದಷ್ಟು ಕಠಿಣರಲ್ಲ. ಇದುವರೆಗೆ ನಾವು ಗಟ್ಟಿಯಾಗಿ ಕೇಳಿಲ್ಲ.

ಕಾರ್ಮಿಕ ಬಂಧುಗಳೇ, ಪಗಾರಕ್ಕೆ, ಬೋನಸ್ಸಿಗೆ, ರಜೆಗೆ ಒಟ್ಟಾಗಿ ನಿಂತವರು ನಾವು. ಮಕ್ಕಳ ಓದಿಗೆ ಮಾತ್ರ ಒಬ್ಬೊಬ್ಬರೇ ಧನಿಗಳ ಗಲ್ಲೆಯ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದೇವೆ. ಇದು ಮುಗಿಯಲಿ. ಮಹಾಸಭೆಗೆ ಬನ್ನಿರಿ, ಬರುವಾಗ ಅಜ್ಜನ ಟ್ರಂಕನ್ನೊಮ್ಮೆ ತೆಗೆದು ನೋಡಿ ಬನ್ನಿರಿ, ಠರಾವಿಗೆ ಕೈಯೆತ್ತಿರಿ. ಮುಂದಿನ ಜೂನಿನಲ್ಲಿ ನಮ್ಮ ಮಕ್ಕಳ ಕೈಯಲ್ಲಿ ಕಾಲೇಜಿನ ರಸೀದಿ ಇರಲಿ. ಶಾಲು ಆಮೇಲೆ ನೋಡೋಣ.