ಬಾಡಿಗೆ ಜೆಟ್‌ನ ಕಾಕ್‌ಪಿಟ್‌ನಲ್ಲಿ ಕೊನೆಯ ಮಾತು ಯಾರದು?

2025ರ ಡಿಸೆಂಬರ್ ಆರಂಭದಲ್ಲಿ ಇಂಡಿಗೋ ಸಂಸ್ಥೆಯ ಸಾವಿರಾರು ಹಾರಾಟಗಳು ರದ್ದಾಗಿ ದೇಶದ ವಿಮಾನ ನಿಲ್ದಾಣಗಳೆಲ್ಲ ಜಾತ್ರೆಯಂತಾದಾಗ, ಪೈಲಟ್‌ಗಳ ವಿಶ್ರಾಂತಿ ಎಂಬ ವಿಷಯ ಸಾಮಾನ್ಯ ಪ್ರಯಾಣಿಕನ ಬಾಯಿಗೂ ಬಂದಿತು. ವಾರಕ್ಕೆ 36 ಗಂಟೆಯ ಬದಲು 48 ಗಂಟೆಗಳ ವಿಶ್ರಾಂತಿ, ರಾತ್ರಿ ವೇಳೆಯ ಭೂಸ್ಪರ್ಶಕ್ಕೆ ಮಿತಿ ಇತ್ಯಾದಿ ನಿಯಮಗಳನ್ನು ಟಿ.ವಿ. ಚರ್ಚೆಗಳಲ್ಲಿ ಎಳೆಎಳೆಯಾಗಿ ಬಿಡಿಸಿಡಲಾಯಿತು. ಆದರೆ ಆ ಚರ್ಚೆಯೆಲ್ಲ ವೇಳಾಪಟ್ಟಿಯ ಪ್ರಕಾರ ಹಾರುವ ದೊಡ್ಡ ಏರ್‌ಲೈನ್‌ಗಳ ಸುತ್ತಲೇ ಗಿರಕಿ ಹೊಡೆಯಿತು. ವೇಳಾಪಟ್ಟಿಯೇ ಇಲ್ಲದೆ ಹಾರುವ ಖಾಸಗಿ ಜೆಟ್ ಕಂಪನಿಗಳ ಪೈಲಟ್‌ಗಳು ಎಂದಿನಂತೆ ಚರ್ಚೆಯ ಹೊರಗೇ ಉಳಿದರು.

ಇವರ ಲೋಕ ನಮಗೆ ದೂರದ್ದೇನಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ನಾಗರಿಕ ವಿಮಾನ ಸಂಚಾರ ದೇವನಹಳ್ಳಿಗೆ ಸ್ಥಳಾಂತರಗೊಂಡ ಮೇಲೂ ಹಳೆಯ ಎಚ್‌ಎಎಲ್ ನಿಲ್ದಾಣ ಖಾಸಗಿ ಜೆಟ್‌ಗಳಿಗೆ ಮತ್ತು ಗಣ್ಯರ ವಿಮಾನಗಳಿಗೆ ತೆರೆದೇ ಇದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು ಏರ್ ಡೆಕ್ಕನ್ ಮೂಲಕ ಮನೆಮಾತಾಗುವ ಮುನ್ನ ಆರಂಭಿಸಿದ್ದು ಹೆಲಿಕಾಪ್ಟರ್ ಬಾಡಿಗೆಗೆ ಕೊಡುವ ಡೆಕ್ಕನ್ ಏವಿಯೇಷನ್ ಸಂಸ್ಥೆಯನ್ನು. ಇಂದು ದೇಶದಲ್ಲಿ ಇಂತಹ ಬಾಡಿಗೆ ಹಾರಾಟದ ಪರವಾನಗಿ ಪಡೆದವರು ನೂರಕ್ಕೂ ಹೆಚ್ಚು ಮಂದಿ ಇದ್ದಾರೆ. ಪರವಾನಗಿಗೆ ಒಂದೇ ಒಂದು ವಿಮಾನವಿದ್ದರೂ ಸಾಕು. ಹೀಗಾಗಿ ‘ಕಂಪನಿ’ ಎಂದೊಡನೆ ಓದುಗರ ಕಣ್ಣ ಮುಂದೆ ಬರುವ ಬಹುಮಹಡಿ ಕಟ್ಟಡದ ಚಿತ್ರ ಇಲ್ಲಿ ಹೊಂದುವುದಿಲ್ಲ. ಎರಡು ಮೂರು ವಿಮಾನ, ಕೆಲವು ಪೈಲಟ್‌ಗಳು, ಒಬ್ಬ ಮಾಲೀಕ, ಸದಾ ಗುನುಗುವ ದೂರವಾಣಿ: ಅನೇಕ ಸಂಸ್ಥೆಗಳ ಒಟ್ಟು ಸ್ವರೂಪವೇ ಇಷ್ಟು.

ಕರೆ ಬಂದಾಗ ಹೊರಡುವ ಕೆಲಸ

ವಾಣಿಜ್ಯ ಪೈಲಟ್ ಪರವಾನಗಿಗೆ ನಮ್ಮಲ್ಲಿ ಕನಿಷ್ಠ 200 ಗಂಟೆಗಳ ಹಾರಾಟದ ಅನುಭವ ಬೇಕು. ಅದಷ್ಟರಿಂದಲೇ ಜೆಟ್ ಹಾರಿಸಲಾಗದು. ಪ್ರತಿಯೊಂದು ಮಾದರಿಯ ವಿಮಾನಕ್ಕೂ ಪ್ರತ್ಯೇಕ ತರಬೇತಿ, ಪ್ರತ್ಯೇಕ ಅನುಮೋದನೆ. ಏರ್‌ಬಸ್ ಕಲಿತವನಿಗೆ ದೇಶದ ಹತ್ತಾರು ಕಡೆ ಕೆಲಸ ಸಿಕ್ಕೀತು. ಆದರೆ ದೇಶದಲ್ಲಿ ಬೆರಳೆಣಿಕೆಯಷ್ಟೇ ಇರುವ ಜೆಟ್ ಮಾದರಿಯೊಂದನ್ನು ಕಲಿತವನಿಗೆ ಆ ಮಾದರಿಯಿರುವ ಬೆರಳೆಣಿಕೆಯ ಮಾಲೀಕರೇ ಗತಿ. ಈ ಒಂದು ಅಂಶವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಮಾತುಗಳಿಗೆಲ್ಲ ಇದೇ ತಳಹದಿ.

ಏರ್‌ಲೈನ್ ಪೈಲಟ್‌ಗೆ ಯಾವ ದಿನ ಯಾವ ಹಾರಾಟ ಎಂಬ ಪಟ್ಟಿ ಮೊದಲೇ ಕೈಸೇರುತ್ತದೆ. ಬಾಡಿಗೆ ಜೆಟ್‌ನ ಪೈಲಟ್‌ಗೆ ಸೇರುವುದು ಕರೆ ಮಾತ್ರ. ನಾಳೆ ಬೆಳಿಗ್ಗೆ ಆರಕ್ಕೆ ಹುಬ್ಬಳ್ಳಿ, ಅಲ್ಲಿಂದ ದೆಹಲಿ, ರಾತ್ರಿಯೇ ವಾಪಸು ಎಂದು ಹಿಂದಿನ ಸಂಜೆ ತಿಳಿಯಬಹುದು. ಹೊರಡುವ ಹೊತ್ತಿಗೆ ಹುಬ್ಬಳ್ಳಿ ಹೋಗಿ ಬೆಳಗಾವಿಯೂ ಆಗಬಹುದು. ಹಾರಾಟಕ್ಕೆ 12 ಗಂಟೆ ಮುಂಚಿನಿಂದ ಮದ್ಯ ಸೇವಿಸುವಂತಿಲ್ಲ ಎಂಬುದು ಎಲ್ಲ ಪೈಲಟ್‌ಗಳಿಗೂ ಇರುವ ನಿಯಮ. ಹಾರಾಟ ಯಾವಾಗ ಎಂಬುದೇ ತಿಳಿಯದವನ ಪಾಲಿಗೆ ಅದು ವರ್ಷವಿಡೀ ವ್ರತವಿದ್ದಂತೆ! ಏರ್‌ಲೈನ್‌ನಲ್ಲಿ ಹತ್ತು ವಿಭಾಗಗಳು ಹಂಚಿಕೊಳ್ಳುವ ಕೆಲಸಗಳಾದ ಹವಾಮಾನ ವರದಿ, ಇಂಧನದ ಏರ್ಪಾಡು, ನಿಲ್ದಾಣದ ಅನುಮತಿ, ಪ್ರಯಾಣಿಕರ ಸಾಮಾನಿನ ತೂಕ, ಕೆಲವೊಮ್ಮೆ ಅವರ ಊಟದ ಪೊಟ್ಟಣ ಕೂಡ, ಇಲ್ಲಿ ಇಬ್ಬರು ಪೈಲಟ್‌ಗಳ ಹೆಗಲೇರುತ್ತವೆ.

ಇನ್ನು ಕಾಯುವಿಕೆ. ಗ್ರಾಹಕನ ಸಭೆ ಎರಡು ಗಂಟೆಗೆ ಮುಗಿಯಬೇಕಿತ್ತು, ಐದಾದರೂ ಮುಗಿದಿಲ್ಲ. ಪೈಲಟ್ ಪುಟ್ಟ ಏರ್‌ಸ್ಟ್ರಿಪ್‌ನ ಕೋಣೆಯಲ್ಲಿಯೋ, ವಿಮಾನದ ನೆರಳಿನಲ್ಲಿಯೋ ಕುಳಿತಿರುತ್ತಾನೆ. ದಿನದ ಹಾರಾಟ ಲೆಕ್ಕ ಹಾಕಿದರೆ ಮೂರು ಗಂಟೆಯೂ ಇರಲಾರದು. ಮನೆ ಬಿಟ್ಟು ಮಾತ್ರ ಹನ್ನೆರಡು ಗಂಟೆ ಕಳೆದಿರುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಈ ಪೈಲಟ್‌ಗಳಿಗೂ ಕರ್ತವ್ಯದ ಅವಧಿಗೆ ಮಿತಿ ವಿಧಿಸಿದೆ. ಆದರೆ ಮಿತಿ ಮೀರುವ ಹೊತ್ತಿಗೆ ‘ಇನ್ನು ಹಾರಲಾರೆ’ ಎಂದು ಹೇಳಬೇಕಾದವನು ಆತನೇ, ಕೇಳಿಸಿಕೊಳ್ಳಬೇಕಾದವನು ಹಣ ತೆತ್ತು ಎದುರಿಗೆ ನಿಂತಿರುವ ಗ್ರಾಹಕ. ಏರ್‌ಲೈನ್‌ನಲ್ಲಿ ಈ ಇಬ್ಬರೂ ಮುಖಾಮುಖಿಯಾಗುವ ಪ್ರಮೇಯವೇ ಇಲ್ಲ. ಬೆಂಗಳೂರಿನಲ್ಲಿ ಮಂಜು ಕವಿದರೆ ವಿಮಾನವನ್ನು ಚೆನ್ನೈಗೆ ತಿರುಗಿಸುವ ಕ್ಯಾಪ್ಟನ್‌ನ ಮುಖವನ್ನು ಹಿಂದಿನ 180 ಪ್ರಯಾಣಿಕರು ನೋಡುವುದೂ ಇಲ್ಲ.

ಆಸ್ಪೆನ್‌ನ ಪಾಠ

ಈ ಮುಖಾಮುಖಿ ಏನು ಮಾಡಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಪ್ರಕರಣ ಇಂದಿಗೂ ಕನ್ನಡಿ ಹಿಡಿಯುತ್ತದೆ. 2001ರ ಮಾರ್ಚ್ 29ರಂದು ಲಾಸ್ ಏಂಜಲೀಸ್‌ನಿಂದ ಕೊಲರಾಡೊದ ಬೆಟ್ಟಗಳ ನಡುವಣ ಆಸ್ಪೆನ್‌ಗೆ ಗಲ್ಫ್‌ಸ್ಟ್ರೀಮ್ ಜೆಟ್ ಒಂದನ್ನು ಬಾಡಿಗೆಗೆ ಪಡೆಯಲಾಗಿತ್ತು. ಪ್ರಯಾಣಿಕರು ತಡವಾಗಿ ಬಂದರು, ವಿಮಾನ ತಡವಾಗಿ ಹೊರಟಿತು. ಆಸ್ಪೆನ್‌ನಲ್ಲಿ ಸದ್ದಿನ ಕಾರಣಕ್ಕೆ ಇಂತಹ ಹಳೆಯ ಜೆಟ್‌ಗಳು ಸೂರ್ಯಾಸ್ತವಾದ ಅರ್ಧ ಗಂಟೆಯ ನಂತರ ಇಳಿಯುವಂತಿರಲಿಲ್ಲ. ವೇಳೆ ಮೀರಿದರೆ ಬೇರೆ ಊರಿನಲ್ಲಿ ಇಳಿಸಬೇಕಾದೀತು ಎಂಬ ಮಾತು ಗ್ರಾಹಕನ ಕಿವಿಗೆ ಬಿದ್ದಾಗ ಆತ ಸಿಟ್ಟಾದ. ವಿಮಾನ ಬೇರೆಡೆಗೆ ಹೋಗಕೂಡದು, ಪೈಲಟ್ ತನ್ನ ಅಭಿಪ್ರಾಯವನ್ನು ತನ್ನಲ್ಲೇ ಇಟ್ಟುಕೊಳ್ಳಲಿ ಎಂಬ ಅರ್ಥದ ಸಂದೇಶ ಕಂಪನಿಗೆ ತಲುಪಿತು.

ಆಸ್ಪೆನ್ ಮೇಲೆ ಹಿಮ ಸುರಿಯುತ್ತಿತ್ತು. ಮುಂದೆ ಹೋಗಿದ್ದ ವಿಮಾನಗಳು ರನ್‌ವೇ ಕಾಣದೆ ಮೇಲೇರಿದ್ದು ಈ ಜೆಟ್‌ನ ಚಾಲಕರಿಗೆ ತಿಳಿದಿತ್ತು. ಆದರೂ ಅವರು ಕೆಳಗಿಳಿದರು. ರನ್‌ವೇ ಕಾಣದೆ ಇಳಿಯಬಾರದ ಎತ್ತರಕ್ಕಿಂತಲೂ ಕೆಳಗೆ ಬಂದ ವಿಮಾನ ಸಂಜೆ ಏಳರ ಸುಮಾರಿಗೆ ನಿಲ್ದಾಣದ ಸಮೀಪ ನೆಲಕ್ಕಪ್ಪಳಿಸಿ ವಿಮಾನದಲ್ಲಿದ್ದ 18 ಮಂದಿಯೂ ಮೃತಪಟ್ಟರು. ತನಿಖೆ ನಡೆಸಿದ ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ, ಚಾಲಕರ ತಪ್ಪಿನ ಜೊತೆಗೆ ಗ್ರಾಹಕನಿಂದ ಕ್ಯಾಪ್ಟನ್ ಮೇಲೆ ಬಂದ ಒತ್ತಡವನ್ನೂ ಅಪಘಾತಕ್ಕೆ ಪೂರಕವಾದ ಕಾರಣಗಳ ಸಾಲಿನಲ್ಲಿ ಸ್ಪಷ್ಟವಾಗಿ ದಾಖಲಿಸಿತು.

ಹಾಗಾದರೆ ಒತ್ತಡ ಹೇರುವ ಗ್ರಾಹಕನಿಲ್ಲದಿದ್ದರೆ ಎಲ್ಲವೂ ಸರಿಯೇ? ಅದೂ ಅಲ್ಲ. 2020ರ ಜನವರಿ 26ರಂದು ಬ್ಯಾಸ್ಕೆಟ್‌ಬಾಲ್ ತಾರೆ ಕೋಬಿ ಬ್ರಯಾಂಟ್ ಸೇರಿ ಒಂಬತ್ತು ಮಂದಿಯನ್ನು ಬಲಿ ತೆಗೆದುಕೊಂಡ ಬಾಡಿಗೆ ಹೆಲಿಕಾಪ್ಟರ್ ಪ್ರಕರಣದಲ್ಲಿ, ಪೈಲಟ್ ಮೇಲೆ ಗ್ರಾಹಕನಾಗಲಿ ಕಂಪನಿಯಾಗಲಿ ಒತ್ತಡ ಹೇರಿದ ಕುರುಹು ಸಿಗಲಿಲ್ಲ. ಪೈಲಟ್ ತನ್ನ ಮೇಲೆ ತಾನೇ ಹೇರಿಕೊಂಡ ಒತ್ತಡ ಎಂದೇ ಅದೇ ಮಂಡಳಿ ಹೇಳಿತು. ಮೆಚ್ಚಿನ ಗ್ರಾಹಕನನ್ನು ನಿರಾಸೆಗೊಳಿಸಬಾರದು ಎಂಬ ಭಾವನೆಗೆ ಯಾರೂ ಬಾಯಿ ತೆರೆಯಬೇಕಾಗಿಲ್ಲ.

ಮೂರನೆಯದು ಇನ್ನೂ ಸೂಕ್ಷ್ಮ. 2014ರ ಮೇ 31ರಂದು ಮೆಸಾಚುಸೆಟ್ಸ್‌ನ ಬೆಡ್‌ಫರ್ಡ್‌ನಲ್ಲಿ ಖಾಸಗಿ ಜೆಟ್ ಒಂದು ಮೇಲೇರಲಾಗದೆ ರನ್‌ವೇ ದಾಟಿ ಹೋಗಿ ಏಳು ಮಂದಿ ಸತ್ತರು. ನಿಂತಿರುವ ವಿಮಾನದ ರೆಕ್ಕೆ-ಬಾಲಗಳ ಚಲನೆಯನ್ನು ಗಾಳಿಗೆ ಅಲುಗದಂತೆ ಬಿಗಿಯುವ ಬೀಗವನ್ನು ಚಾಲಕರು ತೆಗೆದಿರಲಿಲ್ಲ! ಹೊರಡುವ ಮುನ್ನ ನಿಯಂತ್ರಣಗಳನ್ನು ಪೂರ್ತಿ ಆಡಿಸಿ ನೋಡಿದ್ದರೆ ಅದು ತಿಳಿಯುತ್ತಿತ್ತು. ಅದಕ್ಕೂ ಹಿಂದಿನ 175 ಹಾರಾಟಗಳಲ್ಲಿ ಶೇ. 98ರಷ್ಟು ಬಾರಿ ಅವರು ಆ ಪರೀಕ್ಷೆಯನ್ನು ಪೂರ್ತಿಯಾಗಿ ಮಾಡಿರಲೇ ಇಲ್ಲ ಎಂಬುದು ವಿಮಾನದ ದತ್ತಾಂಶದಿಂದಲೇ ಬಯಲಾಯಿತು. ಇಬ್ಬರೂ ಅನುಭವಿಗಳು, ವರ್ಷಗಟ್ಟಲೆ ಜೊತೆಯಾಗಿ ಹಾರಿದವರು. ದೊಡ್ಡ ಏರ್‌ಲೈನ್‌ನಲ್ಲಿ ಪ್ರತಿ ಹಾರಾಟದ ದತ್ತಾಂಶವನ್ನು ನೋಡಲು ಒಂದು ವಿಭಾಗವೇ ಇರುತ್ತದೆ. ಸಹ ಪೈಲಟ್ ದಿನಕ್ಕೊಬ್ಬ ಬದಲಾಗುತ್ತಾನೆ. ಸಣ್ಣ ಸಂಸ್ಥೆಯಲ್ಲಿ ಅದೇ ಜೋಡಿ, ಅದೇ ರೂಢಿ. ಸಲಿಗೆ ಎಂಬುದು ಇಲ್ಲಿ ಗುಣವೂ ಹೌದು, ದೋಷವೂ ಹೌದು.

ನಮ್ಮ ನೆಲದಲ್ಲಿ

ಭಾರತದಲ್ಲಿ ಈ ಉದ್ಯಮದ ಸುಗ್ಗಿ ಎಂದರೆ ಚುನಾವಣೆ. ಪಕ್ಷದ ತಾರಾ ಪ್ರಚಾರಕರ ಪ್ರಯಾಣದ ವೆಚ್ಚ ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಜೆಟ್ ಮತ್ತು ಹೆಲಿಕಾಪ್ಟರ್‌ಗಳಿಗೆ ಎಲ್ಲಿಲ್ಲದ ಬೇಡಿಕೆ. ದಿನಕ್ಕೆ ನಾಲ್ಕೈದು ಸಭೆ, ಪ್ರತಿ ಸಭೆಯೂ ತಡ, ಸಂಜೆಯೊಳಗೆ ಎಲ್ಲವೂ ಮುಗಿಯಬೇಕು. ಇಳಿಯುವ ತಾಣಗಳಲ್ಲಿ ಅನೇಕ ಕಡೆ ರಾತ್ರಿ ದೀಪವಿಲ್ಲ, ಮೋಡದಲ್ಲಿ ದಾರಿ ತೋರುವ ಉಪಕರಣವಿಲ್ಲ. ಬಿ.ಎ. ಓದುವ ಹುಡುಗನಿಗೂ ಅರ್ಥವಾಗುವ ಲೆಕ್ಕವಿದು: ತಡ ಹೆಚ್ಚಿದಷ್ಟೂ ಬೆಳಕು ಕಡಿಮೆ.

ಇದರ ಬೆಲೆಯನ್ನು ದೇಶ ತೆತ್ತಿಲ್ಲವೆಂದಲ್ಲ. 2001ರ ಸೆಪ್ಟೆಂಬರ್ 30ರಂದು ಕಾನ್ಪುರದ ಸಭೆಗೆ ಹೊರಟಿದ್ದ ಮಾಧವರಾವ್ ಸಿಂಧಿಯಾ ಅವರ ಸಣ್ಣ ವಿಮಾನ ಮೈನ್‌ಪುರಿ ಬಳಿ ಪತನವಾಗಿ ಎಂಟು ಮಂದಿ ಸತ್ತರು. ಮರುವರ್ಷ ಮಾರ್ಚ್‌ನಲ್ಲಿ ಲೋಕಸಭಾಧ್ಯಕ್ಷ ಬಾಲಯೋಗಿ ಆಂಧ್ರದಲ್ಲಿ ಹೆಲಿಕಾಪ್ಟರ್ ದುರಂತಕ್ಕೆ ಬಲಿಯಾದರು. 2004ರ ಏಪ್ರಿಲ್ 17ರ ಬೆಳಗನ್ನು ಕನ್ನಡಿಗರು ಮರೆಯುವುದುಂಟೇ? ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟಿದ್ದ ನಟಿ ಸೌಂದರ್ಯ ಅವರನ್ನು ಹೊತ್ತ ಪುಟ್ಟ ವಿಮಾನ ಜಕ್ಕೂರಿನಿಂದ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ಬಿದ್ದು ಪೈಲಟ್ ಸೇರಿ ನಾಲ್ವರು ಬೆಂದುಹೋದರು. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಬಾಡಿಗೆ ಲಿಯರ್‌ಜೆಟ್ ಒಂದು ಭಾರಿ ಮಳೆಯ ನಡುವೆ ಮುಂಬೈನಲ್ಲಿ ಇಳಿಯುವಾಗ ರನ್‌ವೇಯಿಂದ ಹೊರಬಿದ್ದು ತುಂಡಾಯಿತು. ಎಂಟೂ ಮಂದಿ ಬದುಕುಳಿದದ್ದು ಅದೃಷ್ಟ. ಈ ಎಲ್ಲ ಘಟನೆಗಳ ಕಾರಣ ಒಂದೇ ಎಂದು ಹೇಳುವುದು ತಪ್ಪಾದೀತು. ಯಂತ್ರ, ಹವಾಮಾನ, ಮನುಷ್ಯ, ಎಲ್ಲಕ್ಕೂ ಬೇರೆ ಬೇರೆ ಪಾಲಿದೆ. ಆದರೆ ಏರ್‌ಲೈನ್‌ನ ಸುತ್ತ ಇರುವ ಕಾವಲುಗಳಲ್ಲಿ ಅರ್ಧದಷ್ಟೂ ಈ ಹಾರಾಟಗಳ ಸುತ್ತ ಇರುವುದಿಲ್ಲ ಎಂಬುದಂತೂ ನಿಜ.

ಕಾನೂನಿನ ಪ್ರಕಾರ ಸಂಶಯವೇ ಇಲ್ಲ. ವಿಮಾನದ ವಿಷಯದಲ್ಲಿ ಕೊನೆಯ ಮಾತು ಕ್ಯಾಪ್ಟನ್‌ನದೇ. ಹಿಂದೆ ಕುಳಿತವರು ಮಂತ್ರಿಯಾಗಲಿ, ಉದ್ಯಮಿಯಾಗಲಿ, ವಿಮಾನದ ಮಾಲೀಕನೇ ಆಗಲಿ. ಗಣ್ಯರನ್ನು ಕರೆದೊಯ್ಯುವ ಪೈಲಟ್‌ಗೆ ಇಷ್ಟು ಅನುಭವ ಬೇಕೆಂದು ಡಿಜಿಸಿಎ ದಶಕಗಳ ಹಿಂದೆಯೇ ಸುತ್ತೋಲೆಯನ್ನೂ ಹೊರಡಿಸಿದೆ. ಆದರೆ ಅಧಿಕಾರವನ್ನು ಕಾಗದದ ಮೇಲೆ ಕೊಟ್ಟ ಮಾತ್ರಕ್ಕೆ ಅದನ್ನು ಚಲಾಯಿಸುವ ಶಕ್ತಿ ಬರುವುದಿಲ್ಲ. ‘ಆಗದು’ ಎಂದ ಪೈಲಟ್‌ನನ್ನು ಯಾರೂ ಕೆಲಸದಿಂದ ತೆಗೆಯಬೇಕಾಗಿಲ್ಲ. ಮುಂದಿನ ಬಾರಿ ಆ ಗ್ರಾಹಕ ಬೇರೆ ಕಂಪನಿಗೆ ಹೋದರೆ ಸಾಕು. ಹಿಂದೆ ಹೇಳಿದಂತೆ, ಆ ಮಾದರಿಯ ಜೆಟ್ ಇರುವ ಮಾಲೀಕರು ದೇಶದಲ್ಲಿ ಎಷ್ಟು ಮಂದಿ?

ಕಂಪನಿಗಳ ವಾದದಲ್ಲೂ ಹುರುಳಿದೆ. ಗ್ರಾಹಕ ಏರ್‌ಲೈನ್ ಬಿಟ್ಟು ತಮ್ಮಲ್ಲಿಗೆ ಬರುವುದೇ ವೇಳೆಯ ಸ್ವಾತಂತ್ರ್ಯಕ್ಕಾಗಿ. ಅದನ್ನೇ ಕಸಿದರೆ ವ್ಯಾಪಾರ ಉಳಿಯದು. ಆದರೆ ಸ್ವಾತಂತ್ರ್ಯ ಹೊರಡುವ ವೇಳೆಗೆ ಸೀಮಿತವಾಗಿರಬೇಕೇ ಹೊರತು ಇಳಿಯುವ ನಿರ್ಧಾರಕ್ಕೆ ವಿಸ್ತರಿಸಬಾರದು. ಗ್ರಾಹಕನ ಮಾತು ಕಂಪನಿಯ ನೆಲದ ಮೇಲಿನ ಅಧಿಕಾರಿಗೆ ಮಾತ್ರ ತಲುಪುವಂತೆ, ಪೈಲಟ್‌ನ ಫೋನ್ ಸಂಖ್ಯೆ ಗ್ರಾಹಕನ ಕೈಗೆ ಸಿಗದಂತೆ ನೋಡಿಕೊಳ್ಳುವುದು ಖರ್ಚಿನ ಕೆಲಸವೇನಲ್ಲ. ಹವಾಮಾನದ ಕಾರಣಕ್ಕೆ ಬೇರೆಡೆ ಇಳಿದರೆ ಅಲ್ಲಿಂದ ಮುಂದಿನ ಕಾರು, ಹೋಟೆಲ್, ಮರುದಿನದ ಹಾರಾಟದ ವೆಚ್ಚ ಯಾರದು ಎಂಬುದನ್ನು ಬಾಡಿಗೆ ಕರಾರಿನಲ್ಲಿ ಮೊದಲೇ ಬರೆದಿಟ್ಟರೆ ಅರ್ಧ ಜಗಳ ನೆಲದ ಮೇಲೆಯೇ ಮುಗಿಯುತ್ತದೆ. ಸಣ್ಣ ಸಂಸ್ಥೆಗಳು ಒಟ್ಟುಗೂಡಿ ಹಾರಾಟದ ದತ್ತಾಂಶವನ್ನು ಹೊರಗಿನ ಪರಿಣತರಿಂದ ಪರಿಶೀಲಿಸಿಕೊಳ್ಳುವುದೂ ಅಸಾಧ್ಯವಲ್ಲ. ಬೆಡ್‌ಫರ್ಡ್‌ನ ಆ ಇಬ್ಬರು ಚಾಲಕರ ರೂಢಿಯನ್ನು ಹತ್ತನೆಯ ಹಾರಾಟದಲ್ಲೇ ಯಾರಾದರೂ ಗಮನಿಸಿದ್ದರೆ ಏನಾಗುತ್ತಿತ್ತೆಂದು ಊಹಿಸಬಹುದು.

ಇದಕ್ಕೆಲ್ಲ ದೆಹಲಿಯ ಕಡೆಗೇ ನೋಡಬೇಕಾಗಿಲ್ಲ. ಮುಖ್ಯಮಂತ್ರಿ ಮತ್ತು ಸಚಿವರ ಪ್ರವಾಸಕ್ಕೆ ವಿಶೇಷ ವಿಮಾನ, ಹೆಲಿಕಾಪ್ಟರ್‌ಗಳನ್ನು ಬಾಡಿಗೆಗೆ ಪಡೆಯುವ ರಾಜ್ಯ ಸರ್ಕಾರವೂ ಈ ಕಂಪನಿಗಳ ಗ್ರಾಹಕನೇ. ಅದಕ್ಕೆ ಮಾಡುವ ವೆಚ್ಚದ ಬಗ್ಗೆ ಸದನದಲ್ಲಿ ಆಗಾಗ ಪ್ರಶ್ನೆ ಏಳುತ್ತದೆ, ಪತ್ರಿಕೆಗಳಲ್ಲಿ ಶೀರ್ಷಿಕೆಯಾಗುತ್ತದೆ. ಬಾಡಿಗೆಯ ಷರತ್ತುಗಳಲ್ಲಿ ಪೈಲಟ್‌ನ ವಿಶ್ರಾಂತಿಯ ಕುರಿತು ಏನು ಬರೆದಿದೆ, ಹಾರಾಟ ಬೇಡವೆಂದ ಪೈಲಟ್‌ಗೆ ಏನು ರಕ್ಷಣೆಯಿದೆ ಎಂದೂ ಶಾಸಕರು ಅದೇ ಪ್ರಶ್ನೋತ್ತರ ವೇಳೆಯಲ್ಲಿ ಕೇಳಬಹುದು. ಮುಂದಿನ ವಿಧಾನಸಭಾ ಚುನಾವಣೆ 2028ಕ್ಕೆ. ಪ್ರಚಾರದ ಕಣಕ್ಕಿಳಿದಾಗ ಆ ಆಸನಗಳಲ್ಲಿ ಕೂರುವವರೂ ಅವರೇ.