ಸಂಬಳದ ಚೀಟಿ ಯಾರ ಕೈಯಲ್ಲಿದೆ?

ಹೆಣ್ಣು ಹೊರಗೆ ಹೋಗಿ ದುಡಿದರೆ ಮನೆಯೊಳಗಿನ ಹಿಂಸೆ ತಾನಾಗಿ ಕಡಿಮೆಯಾಗುತ್ತದೆ ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಟೈಲರ್ ಆಗಿ ದುಡಿದು, ಈಗ ಪೀಣ್ಯದ ಸುತ್ತಮುತ್ತಲ ಮಹಿಳಾ ಸಂಘಗಳ ಜೊತೆ ಕೆಲಸ ಮಾಡುತ್ತಿರುವ ನನಗೆ ಕಂಡದ್ದೇ ಬೇರೆ. ದುಡಿಮೆಯೊಂದೇ ಸಾಲದು. ಆ ದುಡಿಮೆಯ ಲೆಕ್ಕ ಅವಳಿಗೆ ಗೊತ್ತಿರಬೇಕು, ಲೆಕ್ಕದ ಕಾಗದ ಅವಳ ಕೈಯಲ್ಲಿರಬೇಕು. ಇವೆರಡೂ ಇಲ್ಲದ ಹೆಣ್ಣಿಗೆ ಕಾರ್ಖಾನೆಯಲ್ಲಿ ಒಬ್ಬ ಯಜಮಾನ, ಮನೆಯಲ್ಲಿ ಇನ್ನೊಬ್ಬ, ಅಷ್ಟೆ.

ಈಗ ಹೆಣ್ಣು ನೋಡಲು ಬರುವವರು "ಹುಡುಗಿ ಕೆಲಸಕ್ಕೆ ಹೋಗ್ತಾಳಾ, ಕೈಗೆ ಎಷ್ಟು ಬರುತ್ತೆ?" ಎಂದು ಕೇಳುವುದು ಮಾಮೂಲಾಗಿದೆ. ವರದಕ್ಷಿಣೆ ವಿಷಯವನ್ನೇ ಎತ್ತದ ಇವರು ದೊಡ್ಡ ಮನಸ್ಸಿನವರೆಂದು ಹುಡುಗಿಯ ತಂದೆ ತಾಯಿ ಸಂತೋಷಪಡುತ್ತಾರೆ. ಮದುವೆಯಾದ ತಿಂಗಳಿಗೇ ಎಟಿಎಂ ಕಾರ್ಡ್ ಗಂಡನ ಜೇಬು ಸೇರುತ್ತದೆ. ಇದು ಕಂತಿನ ವರದಕ್ಷಿಣೆ ಅಲ್ಲದೆ ಮತ್ತೇನು? ಚಿನ್ನವನ್ನಾದರೂ ಒಂದು ಸಲ ಕೊಟ್ಟು ಮುಗಿಸಬಹುದು. ಇದು ಅವಳ ಕೈಕಾಲು ಆಡುವವರೆಗೂ ಮುಗಿಯುವುದಿಲ್ಲ. ಎಷ್ಟೋ ಹುಡುಗಿಯರು ಕೆಲಸ ಬಿಟ್ಟು, ಪಿಎಫ್ ತೆಗೆದು, ಆ ದುಡ್ಡಿನಲ್ಲಿ ತಮ್ಮದೇ ಮದುವೆಯ ಖರ್ಚು ತೂಗಿಸಿ, ಮತ್ತೆ ಇನ್ನೊಂದು ಕಾರ್ಖಾನೆಯ ಗೇಟಿನ ಮುಂದೆ ನಿಲ್ಲುವುದನ್ನು ನಾನು ಕಂಡಿದ್ದೇನೆ.

ಒಂದು ಭಾನುವಾರ ನಮ್ಮ ಸಂಘದಲ್ಲಿ ಹನ್ನೊಂದು ಜನ ಪೇ ಸ್ಲಿಪ್‌ಗಳನ್ನು ಚಾಪೆಯ ಮೇಲೆ ಹರಡಿಕೊಂಡು ಕೂತೆವು. ಎಲ್ಲವೂ ಇಂಗ್ಲಿಷಿನಲ್ಲಿ. ಕಾಲೇಜು ಓದುವ ಒಬ್ಬಳು ಮಗಳು ಒಂದೊಂದೇ ಸಾಲು ಓದಿ ಹೇಳಿದಳು, ನಾವು ಕನ್ನಡದಲ್ಲಿ ಬರೆದುಕೊಂಡೆವು. ಮೂಲ ವೇತನ, ತುಟ್ಟಿಭತ್ಯೆ, ಪಿಎಫ್‌ಗೆ ನೂರಕ್ಕೆ 12, ಇಎಸ್‌ಐಗೆ 2019ರ ಜುಲೈನಿಂದ ನೂರಕ್ಕೆ ಮುಕ್ಕಾಲು. ಪಿಎಫ್‌ಗೆ ಕಾರ್ಖಾನೆಯವರೂ ಅಷ್ಟೇ ಹಾಕಬೇಕು, ಅದರಲ್ಲಿ ಒಂದು ಭಾಗ ಪಿಂಚಣಿಗೆ ಹೋಗುತ್ತದೆ ಎಂದಾಗ, ಹತ್ತು ವರ್ಷ ದುಡಿದವರೂ "ಹೌದಾ?" ಎಂದರು. ಸ್ಲಿಪ್ಪಿನಲ್ಲಿ ಹಿಡಿದ ಹಣ ನಿಜವಾಗಿಯೂ ಕಟ್ಟಿದ್ದಾರೆಯೇ ಎಂದು ತಿಳಿಯಲು ಪಿಎಫ್ ಪಾಸ್‌ಬುಕ್ ಬೇಕು. ಒಂದು ಕಾಗದ ಹೇಳಿದ್ದನ್ನು ಇನ್ನೊಂದು ಕಾಗದದ ಪಕ್ಕ ಇಟ್ಟು ನೋಡುವುದು, ದೊಡ್ಡವರು ಮಾಹಿತಿ ಸಾಕ್ಷರತೆ ಎನ್ನುವುದು ಇದನ್ನೇ.

ತುಟ್ಟಿಭತ್ಯೆಯ ಸಾಲನ್ನು ನೋಡಿ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕಾರ್ಮಿಕರಿಗೆ ತಿಂಗಳಿಗೆ ಸುಮಾರು 417 ರೂಪಾಯಿ ಹೆಚ್ಚು ತುಟ್ಟಿಭತ್ಯೆ ಸಿಗಬೇಕಿತ್ತು. ಕೊರೋನಾದ ಹೆಸರು ಹೇಳಿ ಸರ್ಕಾರ ಅದನ್ನು ಮುಂದಕ್ಕೆ ಹಾಕಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಕೊಡಬೇಕೆಂದಿತು. ಆದರೂ ಬಹಳಷ್ಟು ಕಾರ್ಖಾನೆಗಳು ಕೊಡಲಿಲ್ಲ. ಬಾಕಿ ಉಳಿದದ್ದು ನಾಲ್ಕು ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಕಾರ್ಮಿಕ ಸಂಘಟನೆಗಳು ಪಟ್ಟುಹಿಡಿದು, ವಿಷಯ ಹೊರದೇಶದ ಬಟ್ಟೆ ಕಂಪನಿಗಳವರೆಗೂ ಹೋದ ಮೇಲೆ 2022ರಲ್ಲಿ ದೊಡ್ಡ ಕಾರ್ಖಾನೆಗಳು ಬಾಕಿ ಕೊಡತೊಡಗಿದವು. ಇಪ್ಪತ್ತು ತಿಂಗಳಿಗೆ ಲೆಕ್ಕ ಹಾಕಿ, ಎಂಟು ಸಾವಿರ ದಾಟುತ್ತದೆ. ಆ ಸಾಲನ್ನು ಓದಲು ಬಾರದವಳಿಗೆ ತನ್ನ ದುಡ್ಡು ಬಾಕಿಯಿದೆ ಎಂದೇ ಗೊತ್ತಿರಲಿಲ್ಲ. ಬಾಕಿ ಬಂದ ದಿನವೂ, ಖಾತೆಯ ಮೆಸೇಜ್ ಗಂಡನ ಫೋನಿಗೆ ಹೋಗುವ ಮನೆಗಳಲ್ಲಿ ಅದು ಅವಳಿಗೆ ಗೊತ್ತಾಗಿರಲಾರದು.

ನಮ್ಮ ಕೆಲಸದ ಜಾಗದ ಸಂಗತಿಗಳನ್ನು ನಾವೇ ಕಲೆಹಾಕಿ, ನಾವೇ ಅರ್ಥಮಾಡಿಕೊಂಡು, ಅದರ ಮೇಲೆ ಮುಂದಿನ ಹೆಜ್ಜೆ ಇಡುವುದನ್ನು ಸಾಮಾಜಿಕ ಕ್ರಿಯಾ ಸಂಶೋಧನೆ ಎನ್ನುತ್ತಾರೆ. ಹೆಸರು ಭಾರವಾಯಿತು, ಕೆಲಸ ಹಾಗಲ್ಲ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರಿನಲ್ಲಿ ಕೋಟ್ ಕಿರಾನಾ ಎಂಬ ಹಳ್ಳಿಯಲ್ಲಿ ಸರ್ಕಾರಿ ಕಾಮಗಾರಿಯ ಲೆಕ್ಕಪತ್ರಗಳನ್ನು ಜನರ ಮುಂದೆ ಗಟ್ಟಿಯಾಗಿ ಓದಿಸಿದರು. ಕಾಗದದಲ್ಲಿ ಏನಿದೆ, ಕೈಗೆ ಬಂದದ್ದೆಷ್ಟು ಎಂದು ದುಡಿದವರೇ ಎದ್ದು ನಿಂತು ಹೇಳಿದರು. ಅಂಥ ಜನಸುನವಾಯಿಗಳಿಂದ ಬೆಳೆದ ಹೋರಾಟ 2005ರ ಮಾಹಿತಿ ಹಕ್ಕು ಕಾಯ್ದೆಗೆ ದಾರಿಯಾಯಿತು.

ನಮ್ಮಲ್ಲಿ ಆಗುವುದು ಸಾಮಾನ್ಯವಾಗಿ ಇದರ ಉಲ್ಟಾ. ಪ್ರಶ್ನೆಪತ್ರಿಕೆ ಹಿಡಿದು ಯಾರೋ ಬರುತ್ತಾರೆ, ಎಷ್ಟು ಸಲ ಬಾತ್‌ರೂಮಿಗೆ ಹೋಗಲು ಬಿಡುತ್ತಾರೆ, ಸೂಪರ್‌ವೈಸರ್ ಏನೆಂದು ಬೈಯುತ್ತಾನೆ ಎಂದು ಕೇಳಿ ಬರೆದುಕೊಂಡು ಹೋಗುತ್ತಾರೆ. ವರದಿ ಎಲ್ಲೋ ಇಂಗ್ಲಿಷಿನಲ್ಲಿ ಅಚ್ಚಾಗುತ್ತದೆ. ಅವರನ್ನು ಬೇಡವೆನ್ನಬೇಕಿಲ್ಲ. ಬರೆದದ್ದನ್ನು ಅಚ್ಚಿಗೆ ಮುಂಚೆ ನಮ್ಮ ಸಭೆಯಲ್ಲಿ ಕನ್ನಡದಲ್ಲಿ ಓದಬೇಕು ಎಂಬ ಷರತ್ತು ಹಾಕೋಣ. ಒಪ್ಪದವರಿಗೆ ಟೀ ಕೊಟ್ಟು ಕಳಿಸೋಣ.

ಹೋರಾಟದ ಧೈರ್ಯ ನಮಗೆ ಕಮ್ಮಿಯಿಲ್ಲ. 2016ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್‌ನ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದಾಗ, ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಂಗಸರು ಬೆಂಗಳೂರಿನ ಹೆದ್ದಾರಿಗಳಲ್ಲಿ ಕೂತರು. ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಇವರಿಗೆ ನಾಯಕರು ಯಾರು ಎಂದು ಪತ್ರಿಕೆಗಳು ಹುಡುಕಿದ್ದೇ ಹುಡುಕಿದ್ದು!

ಇನ್ನು ಆ ಕಾಗದಗಳು ಮನೆಯೊಳಗೆ ಏನು ಮಾಡಬಲ್ಲವು ಎಂಬುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ಹೊಡೆತ ಬಡಿತದಂತೆ ಆರ್ಥಿಕ ಹಿಂಸೆಯೂ ದೌರ್ಜನ್ಯವೇ. ಆ ಕಾಯ್ದೆಯ ನಮೂನೆಯಲ್ಲಿ ಸಂಬಳ ಕಿತ್ತುಕೊಳ್ಳುವುದು, ಕೆಲಸಕ್ಕೆ ಹೋಗದಂತೆ ತಡೆಯುವುದು ಎಂದು ಬಿಡಿಸಿಯೇ ಬರೆದಿದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದಲ್ಲಿ ದೂರು ಬರೆದುಕೊಳ್ಳುವ ಸಂರಕ್ಷಣಾಧಿಕಾರಿ ಎಂದರೆ ಸಂಘದವರಿಗೆಲ್ಲ ಗೊತ್ತಿರುವ ಸಿಡಿಪಿಓ ಅವರೇ. ಅವರ ಮುಂದೆ "ನನ್ನ ಸಂಬಳ ಅವರೇ ತಗೊಳ್ತಾರೆ ಮೇಡಂ" ಎನ್ನುವುದಕ್ಕೂ, ಆರು ತಿಂಗಳ ಪೇ ಸ್ಲಿಪ್ ಮತ್ತು ಬ್ಯಾಂಕ್ ಪಾಸ್‌ಬುಕ್ ಇಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಪಿಎಫ್ ನಾಮಿನಿ ಯಾರು ಎಂದು ಕೇಳಿದರೆ "ಅದ್ಯಾವುದಕ್ಕೋ ಸೈನ್ ಮಾಡಿಸ್ಕೊಂಡ್ರು ಅಕ್ಕ" ಎನ್ನುವವರೇ ಹೆಚ್ಚು. 1952ರ ಪಿಎಫ್ ಯೋಜನೆಯಲ್ಲಿ ಹೆಂಗಸರಿಗೆಂದೇ ಬರೆದಿಟ್ಟ ಒಂದು ಮಾತಿದೆ. ಸದಸ್ಯೆಯಾದ ಹೆಣ್ಣು, ತನ್ನ ಗಂಡನನ್ನು ಕುಟುಂಬದ ಲೆಕ್ಕದಿಂದ ಬಿಡಬೇಕೆಂದು ಪಿಎಫ್ ಕಮಿಷನರಿಗೆ ಬರಹದಲ್ಲಿ ತಿಳಿಸಿದರೆ, ಗಂಡನಾಗಲಿ ಅವನ ಅವಲಂಬಿತ ತಂದೆ ತಾಯಿಯಾಗಲಿ ಕುಟುಂಬವೆಂದು ಲೆಕ್ಕಕ್ಕೆ ಬರುವುದಿಲ್ಲ. ಹೊಡೆದು ಹೊರಹಾಕಿದ ಗಂಡನೇ ಅವಳು ಸತ್ತ ಮೇಲೆ ಪಿಎಫ್‌ಗೆ ಕೈಚಾಚುವುದನ್ನು ತಡೆಯುವ ಇಂಥ ಮಾತನ್ನು ಯಾವ ಎಚ್‌ಆರ್ ನೋಟಿಸ್ ಬೋರ್ಡಿನಲ್ಲೂ ನಾನು ಕಂಡಿಲ್ಲ. ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆಯಂತೆ ಹತ್ತು ಜನರಿಗಿಂತ ಕಡಿಮೆಯಿಲ್ಲದ ಕಡೆ ಆಂತರಿಕ ಸಮಿತಿ ಇರಬೇಕು. ಅದರ ಸದಸ್ಯರ ಹೆಸರುಗಳನ್ನೂ ಹೀಗೇ ಕೇಳಿ ಬರೆದುಕೊಳ್ಳಬೇಕು.

ಒಂದು ಎಚ್ಚರಿಕೆ. ಕಾಗದ ಕೇಳಿದ್ದಕ್ಕೇ ಏಟು ತಿಂದವರು ನಮ್ಮಲ್ಲಿದ್ದಾರೆ. ಅಂಥವರ ಕಾಗದದ ಒಂದೊಂದು ಪ್ರತಿ ಸಂಘದ ಪೆಟ್ಟಿಗೆಯಲ್ಲಿರಲಿ, ಬೀಗದ ಕೈ ಇಬ್ಬರ ಬಳಿ ಇರಲಿ. ಯಾರ ಸಂಬಳ ಎಷ್ಟೆಂದು ಅವಳನ್ನು ಕೇಳದೆ ಸಭೆಯಲ್ಲಿ ಓದಬಾರದು. ಫೋನ್ ನಂಬರಿನದು ಇದಕ್ಕಿಂತ ತೊಡಕಿನ ವಿಷಯ. ಬ್ಯಾಂಕು, ಆಧಾರ್, ಪಿಎಫ್ ಮೂರರಲ್ಲೂ ಗಂಡನ ಇಲ್ಲವೇ ಅಣ್ಣನ ನಂಬರಿದ್ದರೆ ಓಟಿಪಿ ಅವರಿಗೇ ಹೋಗುತ್ತದೆ. ನಮ್ಮ ಚಾಪೆಯ ಮೇಲೆ ಕೂತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರದು ಹೀಗೇ ಇತ್ತು.

ಬರುವ ಸಭೆಗೆ ಪೇ ಸ್ಲಿಪ್ ಜೊತೆ ಫೋನನ್ನೂ ತನ್ನಿ, ನಂಬರ್ ಬದಲಿಸುವ ಅರ್ಜಿ ಒಟ್ಟಿಗೇ ತುಂಬೋಣ ಎಂದು ಹೇಳಿದ್ದೇವೆ. "ನನ್ನ ಹತ್ರ ಫೋನೇ ಇಲ್ವಲ್ಲ ಅಕ್ಕ" ಎಂದಳು ಒಬ್ಬಳು. ಸಂಘದ ಸಾಲದಲ್ಲಿ ಮೊದಲ ಫೋನು ಅವಳಿಗೇ ಎಂದು ತೀರ್ಮಾನವಾಗಿದೆ.