ಗರ್ಭಚೀಲ ನಮ್ಮ ತಾಯಂದಿರದು, ರಿಪೋರ್ಟು ಯಾರ ಭಾಷೆಯದು?



ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಗೆ ಹಾರ ಹಾಕುತ್ತೇವೆ, ಕಿತ್ತೂರಿನಲ್ಲಿ ಉತ್ಸವ ಮಾಡುತ್ತೇವೆ. ಸಂತೋಷ. ಆದರೆ ಇದೇ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹೆಣ್ಣುಮಗಳು ಗರ್ಭಚೀಲ ತೆಗೆಸಿಕೊಂಡು ಮನೆಗೆ ಬಂದಾಗ ಕೈಯಲ್ಲಿರುವ ಕಾಗದ ಯಾವ ಭಾಷೆಯದು? ಇಂಗ್ಲಿಷು! ಆ ಕಾಗದದ ಒಂದು ಶಬ್ದದಲ್ಲಿ ಆಕೆಯ ಜೀವ ಇರುತ್ತದೆ.

ಶಬ್ದ ಇದು: 'ಅಟಿಪಿಕಲ್ ಹೈಪರ್‌ಪ್ಲೇಸಿಯಾ'. ಗರ್ಭಚೀಲದ ಒಳಪದರ ದಪ್ಪಗಾಗಿ, ಅದರ ಜೀವಕೋಶಗಳ ರೂಪ ಕೆಟ್ಟಿದೆ ಎಂದರ್ಥ. ಕ್ಯಾನ್ಸರಿನ ಹಿಂದಿನ ಮೆಟ್ಟಿಲು. "ಇನ್ನೂ ಕ್ಯಾನ್ಸರ್ ಅಲ್ಲವಲ್ಲ" ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ತಡೆಯಿರಿ. 2006ರಲ್ಲಿ ಅಮೆರಿಕದ ಒಂದು ಅಧ್ಯಯನ ಪ್ರಕಟವಾಯಿತು. ಇದೇ ರಿಪೋರ್ಟು ಬಂದಿದ್ದ 289 ಹೆಂಗಸರ ಗರ್ಭಚೀಲ ತೆಗೆದು ನೋಡಿದರೆ 123 ಮಂದಿಯಲ್ಲಿ ಕ್ಯಾನ್ಸರು ಆಗಲೇ ಅಡಗಿ ಕೂತಿತ್ತು! ಕಾರಣ ಸರಳ. ಮೊದಲ ಪರೀಕ್ಷೆಗೆ ಕೆರೆದು ತೆಗೆಯುವುದು ಒಂದಿಷ್ಟು ಚೂರು. ಕೆರೆಯದೆ ಉಳಿದ ಜಾಗದಲ್ಲಿ ಏನಿದೆ ಎಂದು ಆ ಚೂರು ಹೇಳೀತೇ?

ಆದ್ದರಿಂದ ತೆಗೆದ ಗರ್ಭಚೀಲ ಇಡಿಯಾಗಿ ಪರೀಕ್ಷೆಗೆ ಹೋಗಲೇಬೇಕು. ಬಕೆಟ್ಟಿಗೆ ಹೋದರೆ ಕ್ಯಾನ್ಸರಿನ ಸುದ್ದಿಯೂ ಅದರ ಸಂಗಡ ಹೋಯಿತು. ಹಾಗೆಂದು ಪದರ ದಪ್ಪವಾದವರೆಲ್ಲ ಚೀಲ ತೆಗೆಸಬೇಕೆಂದಲ್ಲ. ಜೀವಕೋಶ ಕೆಡದ ಬರೀ ದಪ್ಪಕ್ಕೆ ಬಹಳ ಸಲ ಗುಳಿಗೆ ಸಾಕು. 2017ರಲ್ಲಿ ಕಲಬುರಗಿಯಲ್ಲಿ ಲಂಬಾಣಿ, ದಲಿತ ಹೆಂಗಸರು ಬೀದಿಗಿಳಿದದ್ದು ಬೇಡದ ಆಪರೇಷನ್ನಿನ ವಿರುದ್ಧವೇ. ದುಡ್ಡಿನ ಆಸೆ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಆ ಆಸೆಗೆ ಮರೆಯಾಗಿ ನಿಂತಿರುವುದು ತಿಳಿಯದ ಭಾಷೆ.

ಸುಪ್ರೀಂ ಕೋರ್ಟು 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ: ಪರೀಕ್ಷೆಗೆಂದು ಪಡೆದ ಒಪ್ಪಿಗೆ ಗರ್ಭಚೀಲ ತೆಗೆಯಲು ಸಾಲದು, ಪ್ರಜ್ಞೆಯಿಲ್ಲದ ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆಯೂ ನಡೆಯದು. ಹಾಗಿದ್ದ ಮೇಲೆ ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಯಾವ ಒಪ್ಪಿಗೆ ಸ್ವಾಮಿ?

ನಾನು ಮುದ್ರಣಾಲಯ ನಡೆಸುವವ. ದವಾಖಾನೆಗಳ ಫಾರ್ಮು ಅಚ್ಚು ಹಾಕುತ್ತೇನೆ. ಬರುವ ಮಾದರಿಯೆಲ್ಲ ಇಂಗ್ಲಿಷು. ಕನ್ನಡದಲ್ಲಿ ಹಾಕಿದರೆ ಮಸಿ ಹೆಚ್ಚು ಖರ್ಚಾಗುತ್ತದೆಯೇ?

ಅಕ್ಕತಂಗಿಯರೇ, ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ನಾಚದೆ ತೋರಿಸಿ. ಆಪರೇಷನ್ನಿಗೆ ಮುಂಚೆ ಕೇಳಿ: ಪದರದ ಪರೀಕ್ಷೆ ಆಯಿತೇ, ರೂಪ ಕೆಟ್ಟ ಜೀವಕೋಶ ಇವೆಯೇ? ಇದ್ದರೆ ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಕ್ಯಾನ್ಸರ್ ವೈದ್ಯರಿಗೊಮ್ಮೆ ತೋರಿಸಿ. ಆದ ಮೇಲೆ ತೆಗೆದ ಚೀಲದ ರಿಪೋರ್ಟು ಕೇಳಿ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು ವೈದ್ಯರ 2002ರ ನಿಯಮಾವಳಿಯೇ ಹೇಳುತ್ತದೆ.

ಈ ನಾಲ್ಕು ತಾಲೂಕಿನ ಯಾವ ದವಾಖಾನೆಯವರೇ ಆಗಲಿ, ಕನ್ನಡದಲ್ಲಿ ಒಪ್ಪಿಗೆ ಪತ್ರ ಬರೆದುಕೊಡಲಿ. ಮೊದಲ ಸಾವಿರ ಪ್ರತಿ ನಾನು ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ.